ಗಿರಣಿಯ ತೋಟ ಮತ್ತು ನನ್ನ ಕೆದರುವ ಬೆರಳು

ಮುಚ್ಚಿಟ್ಟದ್ದನ್ನು ತೆಗೆದು ನೋಡದೆ ಇರುವುದು ನನ್ನಿಂದ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಕೆಲವರಿಗೆ ತಂಬಾಕಿನ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ಅಂಥವರನ್ನು ದಾರಿಗೆ ತರಲು ಹೆಂಡತಿ ಅಳುತ್ತಾಳೆ, ಮಠದ ಸ್ವಾಮಿಗಳು ಬುದ್ಧಿ ಹೇಳುತ್ತಾರೆ. ನನ್ನ ಚಟಕ್ಕೆ ಹೆಸರೇ ಇಲ್ಲ; ಹೆಸರಿಲ್ಲದ ಚಟವನ್ನು ಬಿಡಿಸಲು ಯಾರು ತಾನೇ ಬರುತ್ತಾರೆ? ಒಲೆಯ ಮೇಲೆ ಅನ್ನಕ್ಕಿಟ್ಟರೆ ಕುದಿ ಬರುವುದರೊಳಗೆ ನಾಲ್ಕು ಸಲ ಮುಚ್ಚಳ ತೆಗೆಯುತ್ತೇನೆ. ತವೆಯ ಮೇಲಿನ ರೊಟ್ಟಿಯ ಅಂಚನ್ನು ಎತ್ತಿ ಕೆಳಗೆ ಏನು ನಡೆದಿದೆ ಎಂದು ವಿಚಾರಿಸುತ್ತೇನೆ. ಒಮ್ಮೆ ದೀಪಾವಳಿಯ ಹೊತ್ತಿಗೆ ಮೊಣಕಾಲಿಗೆ ಆದ ಗಾಯವೊಂದು, ಮಾಯ್ದಿದೆಯೋ ಇಲ್ಲವೋ ಎಂದು ನಾನು ದಿನಾ ಪಟ್ಟಿ ಬಿಚ್ಚಿ ನೋಡಿದ್ದರಿಂದ, ಯುಗಾದಿಯ ತನಕ ನನ್ನ ಜೊತೆಗೇ ಉಳಿಯಿತು. ಶಾಲೆಯಲ್ಲೂ ಇದೇ ಕಥೆ. ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರಗಳಿರುತ್ತವೆ ಎಂದು ಗೊತ್ತಾದ ದಿನದಿಂದ ನಾನು ಮುಂದಿನ ಪುಟಗಳ ಕಡೆ ಹೋಗಲಿಲ್ಲ. ಉತ್ತರಗಳೆಲ್ಲ ಬಾಯಿಪಾಠವಾದವು, ಲೆಕ್ಕ ಒಂದೂ ಬರಲಿಲ್ಲ. ನಾಲ್ಕನೇ ಇಯತ್ತೆಗೆ ಮಾಸ್ತರರೂ ನಾನೂ ಕೈಮುಗಿದು ಬೇರೆಯಾದೆವು.

ನಮ್ಮೂರು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನಲ್ಲಿದೆ. ಅದಕ್ಕೊಂದು ಹೆಸರೂ ಇದೆ, ಆದರೆ ಬಸ್ಸಿನ ಕಂಡಕ್ಟರುಗಳು ಆ ಹೆಸರನ್ನು ಎಂದೂ ಕೂಗಿದವರಲ್ಲ. 'ಗಿರಣಿ, ಗಿರಣಿ, ಗಿರಣಿಯವರು ಇಳೀರಿ' ಎಂದೇ ಕೂಗುತ್ತಿದ್ದರು. ಊರ ಬದಿಗೆ ಒಂದು ನೂಲಿನ ಗಿರಣಿ ಇತ್ತು. ಹತ್ತಿ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ನೂಲಾಗಿ ಹೊರಗೆ ಬರುತ್ತಿತ್ತು; ನಾವು ಒಂದು ಕಡೆಯಿಂದ ಗಂಡಸರಾಗಿ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಮೈತುಂಬ ಅರಳೆ ಅಂಟಿಸಿಕೊಂಡ ಮುದುಕರಾಗಿ ಬರುತ್ತಿದ್ದೆವು. ನಾನು ಅಲ್ಲಿ ಫಿಟರನ ಕೈಕೆಳಗೆ ಇದ್ದೆ. ಯಂತ್ರದ ಮುಚ್ಚಳ ತೆಗೆಯುವುದು, ಒಳಗೆ ನೋಡುವುದು, ಎಣ್ಣೆ ಬಿಡುವುದು, ಮತ್ತೆ ಮುಚ್ಚುವುದು. ಜೀವನದಲ್ಲಿ ನನ್ನ ಚಟಕ್ಕೆ ಸಂಬಳ ಸಿಕ್ಕದ್ದು ಅಲ್ಲಿ ಒಂದೇ ಕಡೆ. ನೂಲಿನ ಕೆಲಸದ ಸೊಗಸೆಂದರೆ ಎಲ್ಲವೂ ಕಣ್ಣೆದುರೇ ನಡೆಯುತ್ತಿತ್ತು. ಬಾಬಿನ್ ತುಂಬುವುದು ಕಾಣುತ್ತಿತ್ತು, ಎಳೆ ಹರಿದರೆ ಆ ಕ್ಷಣವೇ ಕಾಣುತ್ತಿತ್ತು. ಕಾಯುವುದು ಎಂಬ ಕೆಲಸವನ್ನು ಆ ಗಿರಣಿ ನಮಗೆ ಕಲಿಸಲೇ ಇಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಗಿರಣಿ ನಿಂತಿತು. ಯಂತ್ರಗಳನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ಹೋದರು. ಉಳಿದದ್ದು ಗೋಡೆ, ಗೇಟು ಮತ್ತು ವಿಶಾಲವಾದ ಅಂಗಳ. ಪಂಚಾಯತಿ ಆ ಅಂಗಳವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ತೆಗೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಕುಳಿತಿತು. ಜಾಲಿಗಿಡಗಳು ಮಾತ್ರ ಯಾರನ್ನೂ ಕೇಳದೆ ತಮ್ಮ ಕೆಲಸ ಶುರು ಮಾಡಿದವು. ನಾವು ಗಂಡಸರು ಮಾತ್ರ ಎರಡು ಮೂರು ವರ್ಷದ ತನಕ ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಕಾಲುಗಳಿಗೆ ಗಿರಣಿ ನಿಂತ ಸುದ್ದಿ ಮುಟ್ಟಿರಲಿಲ್ಲ.

ಇದನ್ನು ನೋಡಿ ನೋಡಿ ಬೇಸತ್ತವಳು ನನ್ನ ಅಕ್ಕ ಗೌರವ್ವ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳೂ ಗಿರಣಿಯಲ್ಲಿ ನೂಲಿನ ಲಡಿ ಸುತ್ತುವ ಕೆಲಸದಲ್ಲಿದ್ದವಳು. ಒಂದು ದಿನ ಗೇಟಿಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತಿದ್ದ ನಮ್ಮನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು.

"ಏನ್ರಿ, ಗ್ವಾಡಿ ಬೀಳ್ತೈತಂತ ಹಿಡಕೊಂಡ ಕುಂತೀರೇನು?" ಎಂದಳು. "ಇಷ್ಟ ಮಂದಿ ಇದ್ದೀರಿ, ಇಷ್ಟ ಜಾಗಾ ಐತಿ. ನಾಕ ಕಾಯಿಪಲ್ಲೆ ಬೆಳೀಲಿಕ್ಕೆ ಏನ ಧಾಡಿ?"

"ಗೌರಕ್ಕಾ, ಈ ಮಣ್ಣಾಗ ಇಪ್ಪತ್ತ ವರ್ಷದ ಮಶೀನ್ ಎಣ್ಣಿ ಐತಿ. ಇದರಾಗ ಏನ ಬೆಳೀತೈತಿ, ಬರೇ ಬೇರಿಂಗ್ ಬೆಳೀತಾವ," ಎಂದ ರಾಮಗೊಂಡ ಜಾಬರ್. ಜಾಬರ್ ಎಂದರೆ ನೂಲುವ ಯಂತ್ರಗಳ ಒಂದು ಸಾಲಿನ ಮೇಲ್ವಿಚಾರಕ. ಯಂತ್ರಗಳು ಹೋದರೂ ಮೇಲ್ವಿಚಾರ ಅವನನ್ನು ಬಿಟ್ಟು ಹೋಗಿರಲಿಲ್ಲ.

"ಹಂಗಾದ್ರ ಬ್ಯಾರೆ ಮಣ್ಣ ತರೂಣು," ಎಂದಳು ಅಕ್ಕ. ಮರುದಿನದಿಂದ ಮನೆ ಮನೆಗೆ ಹೋದಳು. ಕೆರೆಯಂಗಳದಿಂದ ಒಂದು ಬುಟ್ಟಿ ಮಣ್ಣು, ಪಾತ್ರೆ ತೊಳೆದ ಒಂದು ಕೊಡ ನೀರು. ಇಷ್ಟೇ ಕೇಳಿದ್ದು. ಬುಟ್ಟಿ ಮಣ್ಣಿಗೆ ಯಾರು ಇಲ್ಲ ಅನ್ನುತ್ತಾರೆ? ಎರಡು ತಿಂಗಳಲ್ಲಿ ಜಾಲಿ ಹೋಯಿತು, ಮಡಿಗಳು ಎದ್ದವು. ಬಾಲ್ವಾಡಿಯ ಟೀಚರಬಾಯಿಯಿಂದ ಹಿಡಿದು ಹಜಾಮತಿ ಅಂಗಡಿಯವನ ತನಕ ಎಲ್ಲರೂ ಬಂದರು. ಊರಿಗೆ ಊರೇ ಮತ್ತೊಮ್ಮೆ ಗೇಟಿನ ಒಳಗೆ ಹೋಯಿತು.

ಆದರೆ ಗಿರಣಿಯ ಮಂದಿ ತೋಟ ಮಾಡಿದರೆ ಅದು ಗಿರಣಿಯ ಹಾಗೇ ನಡೆಯುತ್ತದೆ. ಜಾಬರ್ ಒಂದು ಹಳೆಯ ರಜಿಸ್ಟರ್ ತಂದು ಮೂರು ಪಾಳಿ ಹಾಕಿದ. ಬೆಳಗಿನ ಪಾಳಿ ಬಂದು ನೀರು ಹಾಕುತ್ತಿತ್ತು. ಮಧ್ಯಾಹ್ನದ ಪಾಳಿ ತನ್ನ ಹಾಜರಿ ಬೀಳಬೇಕಲ್ಲ, ಅದೂ ನೀರು ಹಾಕುತ್ತಿತ್ತು. ಸಂಜೆಯವರು ಹಿಂದಿನವರಿಗಿಂತ ಕಡಿಮೆ ಎನಿಸಿಕೊಳ್ಳಬಾರದೆಂದು ಒಂದೊಂದು ಕೊಡ ಹೆಚ್ಚಿಗೆ ಹಾಕುತ್ತಿದ್ದರು. ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ನಮ್ಮ ತಾಲೂಕಿನಲ್ಲಿ, ನೀರು ಹೆಚ್ಚಾಗಿ ಕೊಳೆತು ಸತ್ತ ಮೆಂತ್ಯ ಬಹುಶಃ ನಮ್ಮೂರಲ್ಲಿ ಮಾತ್ರ ಇದ್ದೀತು. ಒಂದು ಪಾಳಿ ಸಾಕು ಎಂದು ಅಕ್ಕ ಹೇಳಿದಾಗ ಜಾಬರನ ಮುಖ ಬಿಳುಚಿಕೊಂಡಿತು. "ಗೌರಕ್ಕಾ, ಗಿರಣಿ ಹೆಂಗ ಮುಚ್ಚಿತು ಗೊತ್ತೈತೇನು? ಮೊದಲ ಮೂರನೇ ಪಾಳಿ ತಗದ್ರು. ಆಮ್ಯಾಲ ಎರಡನೇದು. ಈಗ ತೋಟಾನೂ ಮುಚ್ಚೂದೇನು?" ಎಂದ. ಯಾರೂ ನಗಲಿಲ್ಲ. ಕೊನೆಗೆ ಬೆಳಗಿನ ಪಾಳಿ ನೀರು ಹಾಕುವುದು, ಉಳಿದ ಎರಡು ಪಾಳಿಗಳು ಬಂದು ಸುಮ್ಮನೆ ನೋಡಿ ಸಹಿ ಮಾಡಿ ಹೋಗುವುದು ಎಂದು ಒಪ್ಪಂದವಾಯಿತು.

ಆ ಬೆಳಗಿನ ಪಾಳಿಯ ಗೇಟಿನ ಕೀಲಿಯನ್ನು ಅಕ್ಕ ನನ್ನ ಕೈಗೆ ಕೊಟ್ಟಳು. "ತಮ್ಮಾ, ನಿನ್ನ ಮ್ಯಾಲ ಭರೋಸಾ ಇಟ್ಟೀನಿ," ಎಂದಳು. ನನ್ನ ಹತ್ತಿರ ಇಂಥ ಮಾತು ಹೇಳಬಾರದು. ಹೇಳಿದವರಿಗೆ ತಪ್ಪಿಲ್ಲ, ಕೇಳಿದವನಿಗೆ ತಪ್ಪಿದೆ.

ಈಗ ಮಹಿಬೂಬ ಚಾಚಾರ ವಿಷಯ ಹೇಳಬೇಕು. ಅವರು ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯುವುದು ಮನೆತನದ ಕೆಲಸ. ಗಿರಣಿಯ ನೆಲಕ್ಕೆ ಬಿದ್ದ ಅರಳೆಯನ್ನೆಲ್ಲ ಅವರೇ ಒಯ್ಯುತ್ತಿದ್ದರು. ಗಿರಣಿ ನಿಂತ ಮೇಲೆ ಅವರ ಹಿಂಜುವ ಬಿಲ್ಲು ಗೂಟಕ್ಕೆ ಏರಿತು. ಆದರೆ ಚಾಚಾರ ಮನೆಯಲ್ಲಿ ಇನ್ನೊಂದು ಸಂಪತ್ತಿತ್ತು. ಒಣಗಿದ ಸೋರೆ ಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟ ಹೀರೇಬೀಜ. ಬುರುಡೆಯ ಬಾಯಿಗೆ ಅರಿವೆ ತುರುಕಿ ಮೇಲೆ ಮಣ್ಣು ಮೆತ್ತಿ ಬಾಗಿಲ ಮೇಲೆ ತೂಗುಹಾಕುತ್ತಿದ್ದರು. ಜೂನ್ ತಿಂಗಳಲ್ಲಿ ಮಿರಗದ ಮಳೆ ಬೀಳುವ ಹೊತ್ತಿಗೆ ಊರ ಹೆಂಗಸರೆಲ್ಲ ಅವರ ಬಾಗಿಲಿಗೆ ಹೋಗಿ ಬೀಜ ತರುತ್ತಿದ್ದರು. ಅದಕ್ಕೆ ಬೆಲೆ ಇಲ್ಲ. ಬಳ್ಳಿಯಲ್ಲಿ ಬಿಟ್ಟ ಮೊದಲ ಕಾಯಿಯನ್ನು ಚಾಚಾರ ಮನೆಗೆ ಮುಟ್ಟಿಸಬೇಕು, ಇಷ್ಟೇ. ಶ್ರಾವಣದಲ್ಲಿ ಚಾಚಾರ ಕಟ್ಟೆಯ ಮೇಲೆ ಹೀರೇಕಾಯಿಗಳ ರಾಶಿ ಬೀಳುತ್ತಿತ್ತು. "ಹೀರಿಕಾಯಿ ತಿಂದು ತಿಂದು ನಮ್ಮ ಬೀಬೀಗೆ ನನ್ನ ಮುಖಾನೂ ಹೀರಿಕಾಯಿ ಕಂಡಂಗ ಕಾಣತೈತಂತ" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಎಷ್ಟು ಹೆಮ್ಮೆ ಇರುತ್ತಿತ್ತೆಂದು ಆಗ ನಾನು ಗಮನಿಸಿರಲಿಲ್ಲ.

ತೋಟದ ಗೇಟಿನ ಬದಿಯ ಮೊದಲ ಮಡಿಗೆ ಅಕ್ಕ ಚಾಚಾರ ಬೀಜವನ್ನೇ ಬೇಡಿದಳು. ಬಳ್ಳಿ ಬೆಳೆದು ಆ ತುಕ್ಕು ಹಿಡಿದ ಗೇಟಿನ ಮೇಲೆ ಹಬ್ಬಬೇಕು, ಬಸ್ಸಿನಲ್ಲಿ ಹೋಗುವವರು ನೋಡಬೇಕು ಎಂಬುದು ಅವಳ ಆಸೆ. ಚಾಚಾ ಸ್ವತಃ ಬಂದು, ಬಿಸ್ಮಿಲ್ಲಾ ಎಂದು, ಇಪ್ಪತ್ತು ಗುಣಿಗಳಲ್ಲಿ ಎರಡೆರಡು ಬೀಜ ಊರಿದರು. ಅಕ್ಕ ಕಾಯಿ ಒಡೆದಳು. ಜಾಬರ್ ರಜಿಸ್ಟರಿನಲ್ಲಿ ಬರೆದ. ನಾನು ನೀರು ಹಾಕಿದೆ.

ಮರುದಿನ ಬೆಳಿಗ್ಗೆ ಗೇಟು ತೆಗೆದು ಒಳಗೆ ಹೋದೆ. ಮಣ್ಣು ಇದ್ದ ಹಾಗೇ ಇತ್ತು. ಒಳಗೆ ಏನಾಗುತ್ತಿರಬಹುದು? ಒಂದೇ ಒಂದು ಗುಣಿ, ಅದೂ ಬದಿಗೆ ಇದ್ದದ್ದು, ತುದಿಬೆರಳಿನಿಂದ ಸ್ವಲ್ಪ ಸರಿಸಿ ನೋಡಿದೆ. ಕಪ್ಪು ಬೀಜ ಸುಮ್ಮನೆ ಮಲಗಿತ್ತು. ಮತ್ತೆ ಮುಚ್ಚಿ ಮಣ್ಣು ಸವರಿದೆ. ಎರಡನೇ ದಿನ ಮೂರು ಗುಣಿ ನೋಡಿದೆ, ಯಾಕೆಂದರೆ ಒಂದೇ ಬೀಜ ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಬೀಜ ಉಬ್ಬಿತ್ತು. ಮೂರನೇ ದಿನ ಬದಿ ಬಿರುಕು ಬಿಟ್ಟು, ಹಸುಗೂಸಿನ ಹಲ್ಲಿನ ಹಾಗೆ ಬಿಳಿಯ ತುದಿಯೊಂದು ಇಣುಕಿತ್ತು. ಆ ಸಂತೋಷ ನಿಮಗೆ ಹೇಗೆ ಹೇಳಲಿ? ಎಲ್ಲ ಗುಣಿಗಳಲ್ಲೂ ಹೀಗೇ ಆಗಿದೆಯೇ ಎಂದು ನೋಡದೆ ಹೊರಗೆ ಬರಲು ಮನಸ್ಸೇ ಆಗಲಿಲ್ಲ. ಇಪ್ಪತ್ತನ್ನೂ ನೋಡಿದೆ. ನಾಲ್ಕನೇ ದಿನ ಹಲ್ಲು ಬೇರಾಗಿದೆಯೇ ಎಂದು ನೋಡಲು ಹೋದಾಗ ಒಂದು ಬೇರು ಮುರಿಯಿತು. ಮುರಿದದ್ದನ್ನು ಹಾಗೇ ನೆಟ್ಟಗೆ ನಿಲ್ಲಿಸಿ ಮಣ್ಣು ಒತ್ತಿದೆ. ಗಿರಣಿಯಲ್ಲಿ ಹರಿದ ಎಳೆಯನ್ನು ಹೊಸೆದರೆ ಕೂಡುತ್ತಿತ್ತಲ್ಲ. ಐದನೇ ದಿನ ಅದು ಕೂಡಿತೋ ಇಲ್ಲವೋ ಎಂದು ನೋಡಿದೆ. ನೋಡುವಾಗ ಪಕ್ಕದ್ದೂ ಮುರಿಯಿತು. ಏಳನೇ ದಿನದ ಹೊತ್ತಿಗೆ ನೋಡಲು ಏನೂ ಉಳಿದಿರಲಿಲ್ಲ.

ಇಷ್ಟಾದರೂ ನಾನು ಕೆಟ್ಟದ್ದು ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ. ಇಡೀ ಊರಿನಲ್ಲಿ ಆ ಬೀಜಗಳ ಬಗ್ಗೆ ಅಷ್ಟು ಕಾಳಜಿ ತೋರಿಸಿದವನು ನಾನೊಬ್ಬನೇ ಎಂಬ ಅಭಿಮಾನವೇ ಇತ್ತು.

ಹತ್ತನೇ ದಿನ ಎಲ್ಲರೂ ಮಡಿಯ ಸುತ್ತ ನಿಂತರು. ಪಕ್ಕದ ಮಡಿಗಳಲ್ಲಿ ಮೂಲಂಗಿ ಎದ್ದಿತ್ತು, ಪುಂಡಿಪಲ್ಲೆ ಎದ್ದಿತ್ತು. ಗೇಟಿನ ಮಡಿ ಮಾತ್ರ ಬೋಳಾಗಿತ್ತು. ಜಾಬರ್ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದ, "ಏನ್ ಚಾಚಾ, ಬೀಜ ಹುರದ ಕೊಟ್ಟೀರೇನು?"

ಜನ ನಕ್ಕರು. ಹಿಂದಿನಿಂದ ಯಾರೋ, "ಬೂದ್ಯಾಗ ಇಟ್ಟ ಇಟ್ಟ ಬೀಜಾನೂ ಬೂದಿ ಆಗ್ಯಾವ ಬಿಡ್ರಿ," ಎಂದರು. ಇನ್ನಷ್ಟು ನಕ್ಕರು.

ಚಾಚಾ ನಗಲಿಲ್ಲ. "ನಮ್ಮವ್ವನ ಕಾಲದಿಂದ ಬಂದ ಬೀಜ ಇದು. ಯಾರ ಮನಿಯಾಗೂ ಹುಸಿ ಹೋಗಿಲ್ಲ," ಎಂದರು. ಎಲ್ಲರೂ ಚದುರಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಈರಪ್ಪಾ, ನೀ ದಿನಾ ಮುಂಜಾನಿ ಇಲ್ಲೇ ಇರ್ತಿ. ಒಂದ ಬೀಜಾನೂ ಬಾಯಿ ಬಿಡಲಿಲ್ಲೇನು ಬೇಟಾ?"

ಬೀಜ ಒಳ್ಳೆಯದೆಂದು ಜಗತ್ತಿನಲ್ಲಿ ಖಾತ್ರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಇಪ್ಪತ್ತು ಗುಣಿಗಳ ನಲವತ್ತು ಬಿಳಿಯ ಹಲ್ಲುಗಳನ್ನು ಕಣ್ಣಾರೆ ನೋಡಿದ್ದೆ. ಅವರ ಮುಖ ನೋಡಿ ಹೇಳಿದೆ, "ಇಲ್ಲ ಚಾಚಾ."

ಮುಚ್ಚಿಟ್ಟದ್ದನ್ನೆಲ್ಲ ತೆಗೆಯುವ ನಾನು, ತೆಗೆದಿಡಬೇಕಾಗಿದ್ದ ಒಂದೇ ಒಂದು ಮಾತನ್ನು ಹೀಗೆ ಮುಚ್ಚಿಟ್ಟೆ.

ಅಂದಿನಿಂದ ಚಾಚಾ ತೋಟಕ್ಕೆ ಬರುವುದು ನಿಂತಿತು. ಅಷ್ಟೇ ಆಗಿದ್ದರೆ ಹೇಗೋ ತಾಳಿಕೊಳ್ಳುತ್ತಿದ್ದೆ. ಹೆಂಗಸರು ಹಿತ್ತಲಿಗೆ ಜತ್ತದ ಪೇಟೆಯಿಂದ ಬಣ್ಣದ ಚಿತ್ರವಿರುವ ಬೀಜದ ಪಾಕೀಟು ತರಿಸತೊಡಗಿದರು. ಮಳೆ ಬಿದ್ದರೂ ಚಾಚಾರ ಬಾಗಿಲಿಗೆ ಯಾರೂ ಹೋಗಲಿಲ್ಲ. ಒಂದು ದಿನ ನೋಡುತ್ತೇನೆ, ಬಾಗಿಲ ಮೇಲಿನ ಸೋರೆ ಬುರುಡೆ ಕೆಳಗೆ ಇಳಿದಿದೆ. ಆಗ ನನ್ನ ಅವಸ್ಥೆ ಶುರುವಾಯಿತು. ಕುಳಿತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ನಡೆಯಬೇಕೆನಿಸುತ್ತಿತ್ತು, ನಡೆದರೆ ಕಾಲುಗಳು ತಾವಾಗಿ ಚಾಚಾರ ಓಣಿಗೆ ಹೋಗುತ್ತಿದ್ದವು. ಅಲ್ಲಿಗೆ ಹೋದ ಕೂಡಲೆ ವಾಪಸು ತಿರುಗುತ್ತಿದ್ದವು. ದಿನಕ್ಕೆ ಆರು ಸಲ ಆ ಓಣಿಯಲ್ಲಿ ನನ್ನನ್ನು ಕಂಡ ಒಬ್ಬ ಮುದುಕಿ, "ಏನ ಕಳದೈತೋ ಈರಪ್ಪಾ?" ಎಂದು ಕೇಳಿ ತಾನೂ ನೆಲದಲ್ಲಿ ಹುಡುಕತೊಡಗಿದಳು. ಮನೆಯಲ್ಲಿ ಅನ್ನದ ಮುಚ್ಚಳ ತೆಗೆಯುವುದನ್ನೂ ಮರೆತೆ. ಹೆಂಡತಿ ಗಾಬರಿಯಾಗಿ, "ರೀ, ಮೈಯಾಗ ಚಲೋ ಐತಿಲ್ಲೊ? ಡಾಕ್ಟರ್ ಕಡೆ ಹೋಗಿ ಬರೂಣೇನು?" ಎಂದಳು.

ಅಕ್ಕ ಆ ವಾರ ಮಂದಿಯನ್ನು ಗೇಟಿನ ಬೇವಿನ ಗಿಡದ ಕೆಳಗೆ ಕೂಡಿಸಿದಳು. ಚಾಚಾರನ್ನೂ ಕೈಮುಗಿದು ಕರೆತಂದಿದ್ದಳು. ವಿಷಯ ಒಂದೇ: ಗೇಟಿನ ಮಡಿಗೆ ಪಾಕೀಟಿನ ಬೀಜ ತರುವುದೋ ಹೇಗೆ. ಚಾಚಾ, "ತರ್ರಿ. ನನ್ನದೇನ ಅಡ್ಡಿ ಇಲ್ಲ. ನನ್ನ ಬೀಜ ನನ್ನ ಜೋಡೀನ ಮುಗದ್ಹೋಗಲಿ," ಎಂದರು. ಆ ಮಾತು ಮುಗಿಯುವುದರೊಳಗೆ ನಾನು ಎದ್ದು ನಿಂತಿದ್ದೆ. ಯಾಕೆ ಎದ್ದೆ ಎಂದು ನನಗೇ ತಿಳಿಯದು. ಕುಳಿತಿರಲು ಆಗಲಿಲ್ಲ, ಅಷ್ಟೇ.

"ಬೀಜ ಚಲೋ ಇದ್ದುವು. ಎಲ್ಲಾ ಮೊಳಕಿ ಒಡದಿದ್ದುವು. ನಾನ ದಿನಾ ಕೆದರಿ ನೋಡಿ ಮುರದೀನಿ," ಎಂದೆ. ಬೈಗಳಿಗೆ ತಲೆ ತಗ್ಗಿಸಿ ನಿಂತೆ.

ಬೈಗಳು ಬರಲಿಲ್ಲ. ಜಾಬರ್ ಎದ್ದು ಬಂದು ನನ್ನ ಬೆನ್ನು ತಟ್ಟಿದ. "ನೋಡ್ರಿ ನಮ್ಮ ಈರಪ್ಪನ ಮನಸು! ಮುದುಕರ ಮಾನ ಉಳಸಾಕ ತನ್ನ ಮ್ಯಾಲ ತಗೊಂಡ!" ಎಂದ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಪ್ಪತ್ತು ವರ್ಷದ ಹಿಂದೆ ನನಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದವರೊಬ್ಬರು, "ಭಾಳ ದೊಡ್ಡ ಗುಣ," ಎಂದರು. ನಾನು ಆಣೆ ಮಾಡಿದೆ. "ಆಣಿ ಬ್ಯಾರೆ ಮಾಡ್ತಾನ ಪಾಪ," ಎಂದು ಇನ್ನಷ್ಟು ಮೆಚ್ಚಿದರು. ಜೀವಮಾನದಲ್ಲಿ ಒಂದೇ ಸಲ ಧೈರ್ಯ ಮಾಡಿ ಸತ್ಯ ಹೇಳಿದ್ದೆ, ಅದೂ ಒಳ್ಳೆಯತನದ ಸುಳ್ಳಾಗಿ ಹೋಯಿತು.

ಚಾಚಾರ ಮುಖ ಮಾತ್ರ ಕೆಂಪಾಗಿತ್ತು. ಎದ್ದು ನಿಂತರು. "ಈರಪ್ಪಾ, ಅವತ್ತ ನಾ ನಿನ್ನ ಒಬ್ಬನ್ನ ಕೇಳಿದ್ದೆ. ಇಲ್ಲ ಅಂದಿ. ಇವತ್ತ ಮಂದ್ಯಾಗ ಹೌದ ಅಂತಿ. ನನ್ನ ಮ್ಯಾಲ ಕರುಣಾ ತೋರ್ಸಾಕತ್ತೀಯೇನು? ಬೀಜ ಕೊಟ್ಟ ಬಂದಾಂವ ನಾ, ಯಾರ ಕಡೇನೂ ಬೇಡಿಲ್ಲ," ಎಂದರು. ತಪ್ಪು ಒಪ್ಪಿಕೊಂಡು ಅವರ ಹೆಸರು ಉಳಿಸಲು ಹೋದವನು ಉಳಿದಿದ್ದ ಮರ್ಯಾದೆಯನ್ನೂ ಕೆದರಿ ಹಾಕಿದ್ದೆ.

ಅಷ್ಟರಲ್ಲಿ ಅಕ್ಕ ಬಾಯಿ ತೆರೆದಳು. ಅವಳು ಅಷ್ಟು ಹೊತ್ತು ನನ್ನ ಮುಖವನ್ನಲ್ಲ, ನನ್ನ ಬಲಗೈಯನ್ನು ನೋಡುತ್ತ ಕುಳಿತಿದ್ದಳು.

"ಅವ ಖರೇನ ಹೇಳಾಕತ್ತಾನ," ಎಂದಳು. "ನಿಮಗ್ಯಾರಿಗೂ ಅವ ಗೊತ್ತಿಲ್ಲ. ಸಣ್ಣಾಂವ ಇದ್ದಾಗ ಬೆಕ್ಕಿನ ಮರಿ ಕಣ್ಣ ತಗದಾವೇನಂತ ದಿನಾ ರೆಪ್ಪಿ ಎಳದ ನೋಡಿದಾಂವ. ನನ್ನ ಲಗ್ನದಾಗ ಬೀಗರು ತಂದ ಪೆಟಾರಿ ಅರಿಷಿಣಕ್ಕ ಮೊದಲ ಬಿಚ್ಚಿ ನೋಡಿದಾಂವ. ಕೀಲಿ ಕೊಟ್ಟಾಕಿ ನಾ. ತಪ್ಪ ನಂದು."

ಇಡೀ ಊರು ನನ್ನನ್ನು ನಂಬಲಿಲ್ಲ. ನಂಬಿದವಳು ಅಕ್ಕ ಒಬ್ಬಳೇ; ಇವಳೊಬ್ಬಳು ನಂಬದಿದ್ದರೆ ಸಾಕಿತ್ತು ಎಂದು ನಾನು ಬಯಸಿದ್ದೂ ಅವಳ ವಿಷಯದಲ್ಲೇ. ಅವಳು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಜಾಬರ್ ಒಪ್ಪಲಿಲ್ಲ. ಅಕ್ಕ ತಮ್ಮ ಇಬ್ಬರೂ ಕೂಡಿ ಚಾಚಾರ ಸಲುವಾಗಿ ಆಡುತ್ತಿದ್ದಾರೆ ಎಂದ. ಚಾಚಾ ಕೋಲು ಊರಿಕೊಂಡು ಹೊರಟೇಬಿಟ್ಟರು. ಅಕ್ಕ ಅಡ್ಡ ನಿಂತಳು. "ಚಾಚಾ, ಬುರುಡ್ಯಾಗ ಇನ್ನ ಬೀಜ ಅದಾವಿಲ್ಲೊ? ಇನ್ನೊಮ್ಮೆ ನೀವ ಊರ್‍ರಿ. ಇವನ್ನ ಊರಾಗ ಇಡೂದಿಲ್ಲ. ಎಂಟ ದಿನ ಬಾಲಗಾಂವಕ್ಕ ತಂಗಿ ಮನಿಗಿ ಕಳಸ್ತೀನಿ. ಬೀಜ ಎದ್ದೂವಂದ್ರ ಕಳ್ಳ ಇವ. ಏಳಲಿಲ್ಲಂದ್ರ ನೀವು ಹೇಳಿದಂಗ ಕೇಳ್ತೀನಿ."

ಚಾಚಾ ಕೋಲನ್ನು ಬೇವಿನ ಗಿಡಕ್ಕೆ ಆನಿಸಿದರು. "ಇಪ್ಪತ್ತ ಗುಣಿಗಷ್ಟ ಆಗ್ತಾವ. ಆಮ್ಯಾಲ ನನ್ನ ಕಡೆ ಒಂದೂ ಉಳ್ಯೂದಿಲ್ಲ," ಎಂದರು. ಉಳಿದದ್ದನ್ನೆಲ್ಲ ಅವರು ಮಣ್ಣಿಗೆ ಇಟ್ಟರು. ಆ ಸಂಜೆಯೇ ನನ್ನನ್ನು ಬಸ್ಸಿಗೆ ಹತ್ತಿಸಿದರು. ಜಾಬರ್ ರಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ 'ರಜಾ' ಎಂದು ಬರೆದ.

ಬಾಲಗಾಂವದಲ್ಲಿ ತಂಗಿ ಮಹಾದೇವಿ ಅಣ್ಣ ಬಂದನೆಂದು ಹೋಳಿಗೆ ಮಾಡಿದಳು. ನಾನು ಹೋಳಿಗೆಯ ಅಂಚನ್ನೂ ಎತ್ತಿ ನೋಡಲಿಲ್ಲ. ಬೀಜ ಎದ್ದರೆ ಊರಲ್ಲೆಲ್ಲ ಕಳ್ಳನಾಗುತ್ತೇನೆ; ಏಳದಿದ್ದರೆ ಚಾಚಾರ ಕೊನೆಯ ಬೀಜವೂ ಮಣ್ಣುಪಾಲು, ಅವರ ಹೆಸರೂ ಮಣ್ಣುಪಾಲು. ಏಳಲಿ ಎಂದು ದೇವರಿಗೆ ಕೈಮುಗಿದೆ. ಮುಗಿದ ಕೈ ಇಳಿಸುವುದರೊಳಗೆ, ಎದ್ದರೂ ಒಂದೆರಡು ಕಡಿಮೆ ಏಳಲಿ, ತಪ್ಪೆಲ್ಲ ನನ್ನದೇ ಎಂದಾಗದಿರಲಿ ಎಂಬ ಹಂಚಿಕೆಯೂ ಮನಸ್ಸಿನಲ್ಲಿ ಬಂದುಹೋಯಿತು. ನನ್ನಂಥವನ ಪ್ರಾರ್ಥನೆ ಹೀಗೇ ಇರುತ್ತದೆ. ಅತ್ತ ಇತ್ತ ತಿರುಗಿ ತಿರುಗಿ ತಂಗಿಯ ಅಂಗಳದ ಸಾರಣೆಯಲ್ಲಿ ಒಂದು ಕಾಲುದಾರಿ ಬಿತ್ತು. ನಾಲ್ಕನೇ ದಿನ ತಡೆಯಲಾರದೆ ಅಂಗಡಿಯೊಂದರ ನಾಣ್ಯದ ಫೋನಿನಿಂದ ನಮ್ಮೂರ ಗೇಟಿನೆದುರಿನ ಚಹಾದ ಅಂಗಡಿಗೆ ಫೋನು ಹಚ್ಚಿದೆ. ಅಂಗಡಿಯವನು ಅಕ್ಕನನ್ನು ಕರೆದ.

"ಅಕ್ಕಾ, ಮಣ್ಣ ಬಿರುಕ ಬಿಟ್ಟೈತೇನು? ಸಣ್ಣ ಬಿರುಕು, ಗುಣಿ ನಡಬರಕ..."

"ಇನ್ನ ಫೋನಿನಾಗ ಕೈ ಹಾಕಿ ಕೆದರತೀಯೇನು?" ಎಂದು ಅಕ್ಕ ಫೋನು ಇಟ್ಟಳು.

ಎಂಟನೇ ದಿನ ಮೊದಲ ಬಸ್ಸು ಹಿಡಿದೆ. "ಗಿರಣಿಯವರು ಇಳೀರಿ," ಎಂದು ಕಂಡಕ್ಟರು ಕೂಗಿದಾಗ ಎಲ್ಲರಿಗಿಂತ ಕೊನೆಗೆ ಇಳಿದೆ. ಗೇಟಿನ ಹತ್ತಿರ ಜನ ಸೇರಿದ್ದರು. ಚಾಚಾ ಮಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಅವರ ಮುಂದೆ ಸಾಲಾಗಿ, ಗುಣಿಗೆ ಎರಡೆರಡರಂತೆ, ಹಸಿರು ಎಲೆ ಜೋಡಿಗಳು ಎದ್ದು ನಿಂತಿದ್ದವು. ಒಂದೂ ತಪ್ಪಿರಲಿಲ್ಲ. ನಲವತ್ತು ಸಾಕ್ಷಿಗಳು, ಎಲ್ಲವೂ ನನ್ನ ಕಡೆಗೇ ಕೈ ಎತ್ತಿ ತೋರಿಸುತ್ತಿದ್ದಂತೆ ಕಂಡಿತು.

ಜಾಬರ್ ನನ್ನನ್ನು ನೋಡಿ, "ಥೂ ನಿನ್ನ! ಖರೇನ ಹೇಳಿದ್ದೇನಲೇ?" ಎಂದ. ಆ ವಾರ ನನ್ನ ಬೆನ್ನು ತಟ್ಟಿದ್ದಕ್ಕೆ ಅವನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ. ಜನ ಚಾಚಾರ ಸುತ್ತ ಸೇರಿದರು. ಪಾಕೀಟು ತಂದಿದ್ದ ಹೆಂಗಸರು ಬೀಜ ಬೇಡಿದರು. "ಈಗ ಎಲ್ಲಿಂದ ತರಲ್ರಿ? ಇವು ಕಾಯಿ ಆಗಲಿ, ಒಣಗಲಿ. ಮುಂದಿನ ಮಿರಗಕ್ಕ ಬರ್‍ರಿ," ಎಂದರು ಚಾಚಾ. ಅವರ ದನಿ ಮೊದಲಿನಂತಾಗಿತ್ತು.

ನಾನು ಹತ್ತಿರ ಹೋಗಿ ಕುಳಿತೆ. ಚಾಚಾ ನನ್ನ ಕಡೆ ತಿರುಗಲಿಲ್ಲ. ಒಂದು ಎಲೆಯ ಮೇಲೆ ಇನ್ನೂ ಅಂಟಿಕೊಂಡಿದ್ದ ಕಪ್ಪು ಸಿಪ್ಪೆಯನ್ನು, ಅದು ತಾನಾಗಿ ಬೀಳಲಿ ಎಂದು, ಮುಟ್ಟದೆ ನೋಡುತ್ತಿದ್ದರು.

"ನಿನ್ನ ಕೈ ಕೆದರಿದ್ದಕ್ಕ ನನಗ ಸಿಟ್ಟಿಲ್ಲ ಬೇಟಾ," ಎಂದರು. "ಕೈಗೆ ಬುದ್ಧಿ ಇರೂದಿಲ್ಲ. ಆದ್ರ ನಾ ನಿನ್ನ ಕೇಳಿದ್ದೆ."

"ಹೌದ್ರಿ ಚಾಚಾ, ಕೇಳಿದ್ರಿ," ಎಂದೆ.

ಆ ಬಳ್ಳಿ ಗೇಟನ್ನೆಲ್ಲ ಮುಚ್ಚಿತು. ಮರುವರ್ಷ ಚಾಚಾರ ಬಾಗಿಲ ಮೇಲೆ ಎರಡು ಬುರುಡೆ ತೂಗಿದವು. ಈಗ ತೋಟ ಅಂಗಳದ ತುಂಬ ಆಗಿದೆ. ಜಾಬರನಿಗೆ ಮೂರು ಪಾಳಿಗೂ ಕೆಲಸ ಸಿಕ್ಕಿದೆ. ತೋಟಕ್ಕೆಂದು ಕಟ್ಟಿದ ಸಂಘದವರು ಒಮ್ಮತದಿಂದ ಒಂದು ಠರಾವು ಮಾಡಿದರು: ಬಿತ್ತುವ ಸಂಜೆ ಈರಪ್ಪನನ್ನು ಊರು ದಾಟಿಸಬೇಕು, ಎಂಟು ದಿನ ಒಳಗೆ ಬಿಡಬಾರದು. ಠರಾವಿಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ವರ್ಷಕ್ಕೆ ಮೂರು ಸಲ ಬಿತ್ತನೆ, ಮೂರು ಸಲ ನನ್ನ ಪ್ರಯಾಣ. ಆ ತೋಟದಲ್ಲಿ ಮೊಳಕೆ ಮಣ್ಣೊಡೆದು ಮೇಲೇಳುವುದನ್ನು ಊರ ಕೂಸುಗಳೆಲ್ಲ ನೋಡಿವೆ, ನಾನೊಬ್ಬನು ನೋಡಿಲ್ಲ. ಊರ ಏಳಿಗೆಗಾಗಿ ಬೇರೆಯವರು ಮಣ್ಣು ಹೊತ್ತರು, ನೀರು ಹೊತ್ತರು. ನಾನು ಊರಲ್ಲಿ ಇಲ್ಲದೆ ಇದ್ದು ನನ್ನ ಪಾಲಿನ ಸೇವೆ ಸಲ್ಲಿಸುತ್ತಿದ್ದೇನೆ.

ಇದನ್ನು ಬರೆಯುತ್ತಿರುವುದೂ ಬಾಲಗಾಂವದಲ್ಲೇ, ತಂಗಿಯ ಮನೆಯ ಕಟ್ಟೆಯ ಮೇಲೆ ಕುಳಿತು. ಇವತ್ತು ಮೂರನೇ ದಿನ. ನಿನ್ನೆ ಸಂಜೆ ಮಹಾದೇವಿ, ನನ್ನ ನೆನಪಿಲ್ಲದೆ, ಹಿತ್ತಲಲ್ಲಿ ಒಂದು ಮಡಿ ಕೊತ್ತಂಬರಿ ಬಿತ್ತಿಬಿಟ್ಟಳು. ಬಿತ್ತಿ ತಿರುಗಿದಾಗ ನಾನು ಬಾಗಿಲಲ್ಲಿ ನಿಂತದ್ದು ಕಂಡು ಅವಳ ಮುಖ ಒಂದು ನಮೂನೆಯಾಯಿತು. ಬೆಳಗಿನಿಂದ ಅವಳೂ ಅವಳ ಗಂಡನೂ ಪಾಳಿಯ ಮೇಲೆ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಾರೆ. ಅವನು ಹೊಲಕ್ಕೆ ಹೋಗಿಲ್ಲ. ಇವಳು ಅಡಿಗೆ ಮಾಡಿಲ್ಲ. ಬರೇ ನನ್ನ ಕೈ ನೋಡುತ್ತಿದ್ದಾರೆ. ಒಳ್ಳೆಯ ಜನ, ಅವರಿಗೆ ಕಷ್ಟ ಕೊಡಬಾರದು. ನಮ್ಮೂರಿಗೂ ಇನ್ನೂ ಐದು ದಿನ ಹೋಗುವಂತಿಲ್ಲ. ಹೀಗಾಗಿ ಮೂರನೇ ಊರೊಂದನ್ನು ಹಿಡಿಯಲು ನಾನೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, "ಮಾವಾರ, ಸನಮಡಿ ಕಡೆ ಹೋಗಾಕ ಬಸ್ಸ ಎಷ್ಟಕ್ಕೈತ್ರಿ?" ಎಂದು ತಂಗಿಯ ಗಂಡನನ್ನು ಕೇಳಿದೆ.

ಬಸ್ಸು ನಾಲ್ಕಕ್ಕೆ ಎಂದು ಹೇಳಲು ಅವನು ಯೋಚಿಸಲೂ ಇಲ್ಲ; ಬೆಳಿಗ್ಗೆಯೇ ವಿಚಾರಿಸಿ ಇಟ್ಟುಕೊಂಡಿದ್ದ.